ಯುದ್ಧ, ಹಿಂಸೆ ಕಂಡು ಬಂದ ಮಕ್ಕಳ ಹತ್ರ ಕಥೆ ಕೇಳ್ಬೇಡಿ, ಪಾಠ ಹೇಳ್ಕೊಡಿ

ಪುಣೆಯಿಂದ ಬೆಳಗಾವಿ, ಧಾರವಾಡ ಕಡೆ ಓಡಾಡೋ ನಮ್ಮಂಥೋರಿಗೆ ಕೊಲ್ಹಾಪುರ ಅಂದ್ರೆ ಮಹಾಲಕ್ಷ್ಮಿ ಗುಡಿ, ಚಪ್ಪಲಿ, ಮಧ್ಯರಾತ್ರಿ ಬಸ್ಸು ನಿಲ್ಲೋ ಧಾಬಾ. ಅಲ್ಲೇ ಊರಿಂದ ಸ್ವಲ್ಪ ದೂರದಲ್ಲಿ ವಳಿವಡೆ ಅಂತ ಒಂದು ಹಳ್ಳಿ ಇದೆ, ಪಕ್ಕಕ್ಕೆ ಗಾಂಧಿನಗರ, ಹೋಲ್‌ಸೇಲ್ ಬಟ್ಟೆಗೆ ನಮ್ಮ ಕಡೆ ವ್ಯಾಪಾರಸ್ಥರೂ ಹೋಗ್ತಾರೆ. ಆ ಜಾಗದಲ್ಲಿ 1943ರಿಂದ 1948ರ ತನಕ ಸುಮಾರು ಐದು ಸಾವಿರ ಪೋಲೆಂಡ್ ಜನ ಬದುಕಿದ್ರು, ಬಹುಪಾಲು ಹೆಂಗಸರು, ಮಕ್ಕಳು. ಅವರು ಹೋದ ಮೇಲೆ ಅದೇ ಮನೆಗಳಿಗೆ ದೇಶ ಒಡೆದಾಗ ಓಡಿಬಂದ ಸಿಂಧಿಗಳು ಬಂದು ಸೇರ್ಕೊಂಡ್ರು, ಅದೇ ಇವತ್ತಿನ ಗಾಂಧಿನಗರ. ಒಂದೇ ನೆಲ ಎರಡು ಸಲ ನೆಲೆ ತಪ್ಪಿದ ಮಕ್ಕಳಿಗೆ ಜಾಗ ಕೊಟ್ಟಿದೆ. ನಮ್ಮ ಮನೆಯಿಂದ ನಾಲ್ಕೈದು ಗಂಟೆ ದಾರಿ, ಆದ್ರೂ ಎಷ್ಟೋ ವರ್ಷ ನಂಗೆ ಯಾರೂ ಇದನ್ನ ಹೇಳಿರ್ಲಿಲ್ಲ.

ಆ ಮಕ್ಕಳು ಬಂದ ದಾರಿ ನೆನೆಸ್ಕೊಂಡ್ರೇ ಹೊಟ್ಟೆ ಕಿವುಚಿದ ಹಾಗಾಗುತ್ತೆ. 1939ರಲ್ಲಿ ಪೋಲೆಂಡನ್ನ ಒಂದು ಕಡೆಯಿಂದ ಹಿಟ್ಲರ್, ಇನ್ನೊಂದು ಕಡೆಯಿಂದ ಸ್ಟಾಲಿನ್ ಹಂಚಿಕೊಂಡ್ರು, 1940-41ರಲ್ಲಿ ಸೋವಿಯತ್ ಕಡೆಯವರು ಲಕ್ಷಾಂತರ ಜನರನ್ನ ಕುಟುಂಬ ಸಮೇತ ಗೂಡ್ಸ್ ರೈಲಿಗೆ ತುಂಬಿ ಸೈಬೀರಿಯಾಕ್ಕೆ, ಕಝಾಕ್‌ಸ್ತಾನಕ್ಕೆ ಸಾಗಿಸಿದ್ರು. 1941ರಲ್ಲಿ ಜರ್ಮನಿ ಸೋವಿಯತ್ ಮೇಲೇ ಬಿದ್ದಾಗ ಒಪ್ಪಂದ ಆಗಿ ಇವರಿಗೆ ಬಿಡುಗಡೆ ಸಿಕ್ತು, ಆದ್ರೆ ಅಷ್ಟರಲ್ಲಿ ಎಷ್ಟೋ ಮಕ್ಕಳ ಅಪ್ಪ ಅಮ್ಮ ಹಸಿವಿಗೆ, ಟೈಫಸ್ ಜ್ವರಕ್ಕೆ ಹೋಗಿಬಿಟ್ಟಿದ್ರು. ಉಳಿದ ಮಕ್ಕಳು ಅಶ್ಗಾಬಾತ್, ಮಶ್ಹದ್, ಜಾಹೆದಾನ್, ಕ್ವೆಟ್ಟಾ ಅಂತ ಲಾರಿಗಳಲ್ಲಿ, ರೈಲಲ್ಲಿ ಬಂದ್ರು, 1942ರಲ್ಲಿ ಮೊದಲ ಗುಂಪನ್ನ ಮುಂಬೈಯ ಬಾಂದ್ರಾದಲ್ಲಿ ಇಳಿಸಿ ಕೆಲ ತಿಂಗಳು ಸಾಕಿದ್ರು. ಆಮೇಲೆ ಗುಜರಾತ್ ಕಡೆಯ ನವಾನಗರ ಸಂಸ್ಥಾನದ ದೊರೆ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಜಾಮ್‌ನಗರದ ಹತ್ರ ಬಾಲಾಚಡಿಯಲ್ಲಿ ಅವರಿಗೆ ಕ್ಯಾಂಪ್ ಕಟ್ಟಿಸಿಕೊಟ್ರು, ಈಗ ಅಲ್ಲಿ ಸೈನಿಕ ಶಾಲೆ ಇದೆ. ವಳಿವಡೆಯ ಕ್ಯಾಂಪು ಅದರ ಮುಂದಿನ ವರ್ಷದ್ದು, ಅದಕ್ಕಿಂತ ತುಂಬಾ ದೊಡ್ಡದು. ಬಂಗಾಳದಲ್ಲಿ ಜನ ಅನ್ನ ಇಲ್ಲದೆ ಬೀದಿಯಲ್ಲಿ ಬಿದ್ದು ಸಾಯ್ತಿದ್ದ ವರ್ಷ ಅದು, ನಮ್ಮ ವಿಜಾಪುರದ ಕಡೆಗೂ ಬರ, ಊರೂರಲ್ಲಿ ಚಲೇಜಾವ್ ಚಳವಳಿಯ ಅರೆಸ್ಟುಗಳು. ಅಂಥ ಹೊತ್ತಲ್ಲೂ ಜಾಗ ಆಯ್ತು.

ನಮ್ಮ ಸೊಸೈಟಿಯಲ್ಲಿ ಒಬ್ರು ಅಜ್ಜಿ ಇದ್ದಾರೆ, ತವರು ಕೊಲ್ಹಾಪುರ, ಮನೆಮಾತು ಕನ್ನಡ, ತೊಂಬತ್ತರ ಹತ್ರ ವಯಸ್ಸು. ಅವರಿಗೆ ಆ ಜನ ಚೆನ್ನಾಗಿ ನೆನಪಿದ್ದಾರೆ. ಪೇಟೆಗೆ ಬಂದು ಬಾಳೆಹಣ್ಣಿಗೆ ಮರಾಠಿಯಲ್ಲಿ ಚೌಕಾಶಿ ಮಾಡೋರಂತೆ, ಹುಡುಗಿಯರು ಎರಡು ಜಡೆಗೆ ರಿಬ್ಬನ್ ಕಟ್ಕೊಂಡು ಸಾಲಾಗಿ ಹಾಡ್ತಾ ಹೋಗೋರಂತೆ. 'ಪಾಪ ಅನ್ನಸ್ತಿದ್ದಿಲ್ಲವಾ, ಅವ್ರ ಸಾಲಿ ನಮ್ಮ ಸಾಲಿಗಿಂತ ಛಲೋ ಇತ್ತು' ಅಂತಾರೆ ಅಜ್ಜಿ. ನಂಗೆ ಈ ಮಾತು ಭಾಳ ಹಿಡಿಸ್ತು. ಯಾಕಂದ್ರೆ ವಳಿವಡೆಯಲ್ಲಿ ಹಾಗೇ ಇತ್ತು, ಪ್ರೈಮರಿಯಿಂದ ಹೈಸ್ಕೂಲ್ ದಾಟೋವರೆಗೂ ಅವರದೇ ಭಾಷೆಯಲ್ಲಿ ಪಾಠ, ಅವರದೇ ಟೀಚರ್‌ಗಳು, ಆಸ್ಪತ್ರೆ, ಚರ್ಚು, ಸ್ಕೌಟ್ಸು, ನಾಟಕ, ಹಬ್ಬ. ಎಲ್ಲ ಕಳ್ಕೊಂಡು ಬಂದ ಮಕ್ಕಳಿಗೆ ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ಬೇಕು, ನಾಳೆ ಯಾವ ಹೋಮ್‌ವರ್ಕ್ ಒಪ್ಪಿಸ್ಬೇಕು ಅನ್ನೋದು ಗೊತ್ತಿತ್ತು. ಆ ಮಕ್ಕಳು ಎಂಬತ್ತು ತೊಂಬತ್ತರ ವಯಸ್ಸಲ್ಲೂ ಕೊಲ್ಹಾಪುರಕ್ಕೆ ವಾಪಸ್ ಬಂದು ಕಣ್ಣೀರು ಹಾಕಿದ್ದಾರೆ, ವಾರ್ಸಾದಲ್ಲಿ ಜಾಮ್ ಸಾಹೇಬರ ಹೆಸರಲ್ಲಿ ಒಂದು ಚೌಕ ಇದೆ, ಕೊಲ್ಹಾಪುರದ ಹೆಸರಲ್ಲೂ ಒಂದು ಸ್ಮಾರಕ ಇದೆ.

ಇದನ್ನೆಲ್ಲ ಯಾಕೆ ಬರೀತಿದೀನಿ ಅಂದ್ರೆ, ನಾನು ಭಾನುವಾರ ಪುಣೆಯ ಒಂದು ಹಾಸ್ಟೆಲಲ್ಲಿ ಗಣಿತ ಹೇಳ್ಕೊಡ್ತೀನಿ. ಅಲ್ಲಿರೋ ಮಕ್ಕಳಲ್ಲಿ ಕಾಶ್ಮೀರದ ಗಡಿ ಹಳ್ಳಿಗಳಿಂದ ಬಂದವರೂ ಇದ್ದಾರೆ, ಕೆಲವರು ಅಪ್ಪನ್ನ ಗುಂಡಿಗೆ ಕಳ್ಕೊಂಡವರು. ಯಾರ ಗುಂಡು ಅಂತ ಅಲ್ಲಿ ಯಾರೂ ಕೇಳೋದಿಲ್ಲ, ಕೇಳ್ಬಾರ್ದು. ಉಗ್ರರ ಗುಂಡಿಗೆ ಹೋದ ಅಪ್ಪನ ಮಗು ಮತ್ತು ಉಗ್ರನೇ ಆಗಿ ಸತ್ತ ಅಪ್ಪನ ಮಗು ಒಂದೇ ಬೆಂಚಲ್ಲಿ ಕೂತು ವರ್ಗಸಮೀಕರಣ ಬಿಡಿಸ್ಬಹುದು, ಬಿಡಿಸ್ಬೇಕು. ಆ ಮಕ್ಕಳ ಜೊತೆ ಇದ್ದು ಇದ್ದು ನಂಗೆ ಒಂದು ವಿಷಯ ಗಟ್ಟಿಯಾಗಿದೆ: ಯುದ್ಧ, ಹಿಂಸೆ ಕಂಡು ಬಂದ ಮಗುವನ್ನ ಕಾಪಾಡೋದು ಅಂದ್ರೆ ಮೊದಲು ಅದಕ್ಕೆ ತಪ್ಪದ ದಿನಚರಿ ಕೊಡೋದು, ಬಿಟ್ಟು ಹೋಗದ ಒಬ್ಬ ದೊಡ್ಡವರನ್ನ ಕೊಡೋದು, ಆಮೇಲೆ ಅದರ ದುಃಖವನ್ನ ಅದರ ಪಾಡಿಗೆ ಬಿಡೋದು. ಈ ಮೂರನೇದನ್ನ ಕೊಡೋಕೆ ನಮ್ಮ ಜನಕ್ಕೆ ಮನಸ್ಸೇ ಬರಲ್ಲ.

ಹಾಸ್ಟೆಲ್‌ಗೆ ವಿಸಿಟರ್ಸ್ ಬರ್ತಾರೆ. ಒಳ್ಳೆಯವರು, ನಿಜವಾಗ್ಲೂ ಒಳ್ಳೆಯವರು, ಬ್ಲಾಂಕೆಟ್ ತರ್ತಾರೆ, ಡ್ರೈಫ್ರೂಟ್ಸ್ ತರ್ತಾರೆ, ಕಾಶ್ಮೀರದ ಮಕ್ಕಳಿಗೆ. ಬಂದು ಹತ್ತು ನಿಮಿಷ ಆಗಿರಲ್ಲ, ಒಂದು ಮಗುವನ್ನ ಹತ್ರ ಕರ್ದು ತಲೆ ಸವರಿ 'ಪಾಪಾ ಕೋ ಕ್ಯಾ ಹುವಾ ಥಾ ಬೇಟಾ' ಅಂತ ಕೇಳ್ತಾರೆ. ಮಗು ಹೇಳುತ್ತೆ. ಹೇಳಿ ಹೇಳಿ ಅದಕ್ಕೆ ರೂಢಿಯಾಗಿರುತ್ತೆ, ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ದನಿ ತಗ್ಗಿಸ್ಬೇಕು ಅಂತ ಗೊತ್ತಿರುತ್ತೆ, ಕೇಳಿದವರ ಕಣ್ಣು ತುಂಬುತ್ತೆ, ಫೋಟೋ ಆಗುತ್ತೆ, ಅವರು ಕಾರು ಹತ್ತಿ ಹೋಗ್ತಾರೆ. ಮಗು ಆ ರಾತ್ರಿ ಊಟ ಮಾಡಲ್ಲ. ನಾನು ಅಲ್ಲಿ ಹೋಗೋಕೆ ಶುರು ಮಾಡಿದ ಮೇಲೆ ಒಂದು ಹುಡುಗಿ, ಎಂಟನೇ ಕ್ಲಾಸು, ಮೊದಲ ದಿನವೇ ನನ್ನ ಮುಂದೆ ಕೂತು, ಪುಸ್ತಕ ತೆಗೆಯೋ ಮೊದ್ಲೇ ತಾನಾಗೇ ಶುರು ಮಾಡಿದ್ಲು, ನಮ್ಮ ಮನೇಲಿ ಆವತ್ತು ರಾತ್ರಿ ಅಂತ. ಹೊಸಬರು ಬಂದ್ರೆ ಅದನ್ನ ಹೇಳ್ಬೇಕು ಅಂತ ಅವಳ ಲೆಕ್ಕ. ಇವತ್ತು ಭಿನ್ನರಾಶಿ ಮಾಡೋಣ್ವಾ ಅಂದೆ. ಒಂದು ಕ್ಷಣ ನನ್ನ ಮುಖ ನೋಡಿ ಪೆನ್ಸಿಲ್ ತಗೊಂಡ್ಲು. ಆಮೇಲೆ ಯಾವತ್ತೋ, ತಿಂಗಳುಗಳು ಕಳೆದ ಮೇಲೆ, ಅಮ್ಮನ ಬಗ್ಗೆ ತಾನೇ ಎರಡು ಮಾತು ಹೇಳಿದ್ಲು, ಲೆಕ್ಕದ ಮಧ್ಯ, ತಲೆ ಎತ್ತದೇನೇ. ಅದು ಅವಳು ಆರಿಸಿಕೊಂಡ ಹೊತ್ತು, ಅದಕ್ಕೇ ಅದಕ್ಕೊಂದು ಬೆಲೆ.

ಈ ಬಗ್ಗೆ ನಮ್ಮ ಕಾನೂನು ಸ್ಪಷ್ಟವಾಗೇ ಇದೆ. 2015ರ ಬಾಲನ್ಯಾಯ ಕಾಯ್ದೆ, ಜೆಜೆ ಆಕ್ಟ್ ಅಂತೀವಲ್ಲ, ಅದರಲ್ಲಿ ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳು ಯಾರು ಅನ್ನೋ ಪಟ್ಟಿಯಲ್ಲಿ ಸಶಸ್ತ್ರ ಸಂಘರ್ಷಕ್ಕೆ, ಗಲಭೆಗೆ ಸಿಕ್ಕ ಮಕ್ಕಳೂ ಇದ್ದಾರೆ. ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಂಥ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ, ಗುರುತು ಸಿಗೋ ಯಾವ ವಿವರವನ್ನೂ ಪ್ರಕಟಿಸೋ ಹಾಗಿಲ್ಲ, ಮಾಡಿದ್ರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗ್ಬಹುದು. ಪೇಪರ್‌ನವರಿಗೆ ಮಾತ್ರ ಅಂತ ಜನ ಅಂದ್ಕೊಂಡಿದ್ದಾರೆ. ಬರ್ತ್‌ಡೇ ಸೆಲಬ್ರೇಟ್ ಮಾಡೋಕೆ ಬಂದು ಸ್ಟೇಟಸ್ ಹಾಕೋರೂ ಇದನ್ನ ಓದ್ಕೊಂಡು ಬಂದ್ರೆ ಎಷ್ಟು ಚೆನ್ನಾಗಿರುತ್ತೆ.

ಪುಣೆಗೆ ಕರ್ಕೊಂಡು ಬಂದ್ಬಿಟ್ರೆ ಮಗು ಸೇಫ್ ಅನ್ನೋದೂ ಅರ್ಧ ನಿಜ. 2019ರ ಆಗಸ್ಟ್ 5ರಂದು ಕಾಶ್ಮೀರದಲ್ಲಿ ಫೋನು, ಇಂಟರ್ನೆಟ್ಟು ಎಲ್ಲ ನಿಂತ್ವು, ಪೋಸ್ಟ್‌ಪೇಯ್ಡ್ ಮೊಬೈಲ್ ಮತ್ತೆ ಶುರುವಾಗಿದ್ದೇ ಅಕ್ಟೋಬರ್ 14ಕ್ಕೆ. ಆ ವಾರಗಳಲ್ಲಿ ಪುಣೆಯಲ್ಲಿ ಓದ್ತಿದ್ದ ಕಾಶ್ಮೀರಿ ಮಕ್ಕಳು, ಕಾಲೇಜು ಹುಡುಗರು, ಮನೇಲಿ ಎಲ್ಲ ಬದುಕಿದ್ದಾರಾ ಅನ್ನೋದೇ ತಿಳೀದೆ ದಿನ ದೂಡಿದ್ರು. ಗಣಪತಿ ಹಬ್ಬ ಬಂತು, ಬೀದಿ ತುಂಬಾ ಢೋಲ್-ತಾಶಾ, ಎದೆ ನಡುಗೋ ಹಾಗೆ ಡಾಲ್ಬಿ, ಆ ಸದ್ದಿಗೆ ಮಕ್ಕಳು ಹೆದರ್ತಾರೇನೋ ಅಂತ ಎಲ್ಲರಿಗೂ ಚಿಂತೆ. ಮಕ್ಕಳಿಗೆ ಢೋಲ್ ಇಷ್ಟವೇ ಆಯ್ತು, ಕೆಲವರು ಬಾರಿಸೋಕೂ ಕಲಿತ್ರು. ಅವರನ್ನ ತಿಂತಿದ್ದದ್ದು ರಿಂಗ್ ಆಗದ ಫೋನು. ಹೆದರಿಕೆ ಎಲ್ಲಿ ಕೂತಿರುತ್ತೆ ಅಂತ ಹೊರಗಿನವರು ಊಹೆ ಮಾಡಿದ್ದು ಮೇಲಿಂದ ಮೇಲೆ ಸುಳ್ಳಾಗುತ್ತೆ, ಅದಕ್ಕೇ ಜೊತೆಗಿದ್ದು ನೋಡೋರು ಬೇಕು.

ಹೋದ ವರ್ಷ, 2025ರ ಮೇ 7, ಜಮ್ಮು-ಕಾಶ್ಮೀರ ಗಡಿಯ ಪೂಂಛ್ ಮೇಲೆ ಶೆಲ್ ಬಿದ್ದಾಗ ಸತ್ತವರಲ್ಲಿ ಹನ್ನೆರಡು ವರ್ಷದ ಅವಳಿ ಮಕ್ಕಳು, ಅಕ್ಕ ತಮ್ಮ. ಅದೇ ದಿನ ನಮ್ಮ ಪುಣೆ, ಮುಂಬೈಯಲ್ಲಿ ಮಾಕ್ ಡ್ರಿಲ್, ಅದು ಬೇಕಾದದ್ದೇ, ಆದ್ರೆ ಟಿವಿ ಚಾನಲ್‌ಗಳು ಬ್ರೇಕಿಂಗ್ ನ್ಯೂಸ್‌ಗೆಲ್ಲ ಏರ್‌ರೇಡ್ ಸೈರನ್ ಸದ್ದು ಸೇರಿಸಿ ಸೇರಿಸಿ ಹಾಕಿದ್ವು, ಕೊನೆಗೆ ಕೇಂದ್ರ ಗೃಹ ಇಲಾಖೆಯ ಸಿವಿಲ್ ಡಿಫೆನ್ಸ್‌ನವರೇ ಹಾಗೆ ಬಳಸಬೇಡಿ ಅಂತ ಚಾನಲ್‌ಗಳಿಗೆ ಬರೆದು ಹೇಳ್ಬೇಕಾಯ್ತು. ಪೂಂಛ್‌ನಿಂದ ಸಾವಿರದೈನೂರು ಕಿಲೋಮೀಟರ್‌ಗೂ ದೂರ ಇರೋ ಪುಣೆಯ ಕೊತ್ರೂಡ್‌ನ ಫ್ಲಾಟಲ್ಲಿ ನನ್ನ ತಂಗಿ ಮಗ, ಆರು ವರ್ಷ, ಬಾತ್‌ರೂಮಿಗೆ ಒಬ್ಬನೇ ಹೋಗೋದು ಬಿಟ್ಟ. ಅವನಿಗೇ ಹಾಗಾದ್ರೆ ರಜೌರಿಯಲ್ಲಿ ಬಂಕರ್‌ನೊಳಗೆ ಕೂತ ಮಗುವಿಗೆ ಏನಾಗಿರ್ಬೇಡ. ಟಿವಿ ಆಫ್ ಮಾಡೋದು ನಮ್ಮ ಕೈಲಿರೋ ಕೆಲಸ, ಅದನ್ನಾದ್ರೂ ಮಾಡೋಣ ಅಂತ ಆ ವಾರ ನಮ್ಮ ಕನ್ನಡ ಗ್ರೂಪಲ್ಲಿ ಬರೆದೆ, ಮಾಡಿದೋರು ಸುಮಾರು ಜನ ಇದ್ರು.

ಜಗತ್ತು ಯುದ್ಧಕ್ಕೆ ಸಿಕ್ಕ ಮಕ್ಕಳ ಪಾಡನ್ನ ಒಂದು ಪ್ರತ್ಯೇಕ ವಿಷಯ ಅಂತ ಗಂಭೀರವಾಗಿ ನೋಡೋಕೆ ಶುರು ಮಾಡಿ ಮೂವತ್ತೇ ವರ್ಷ. 1996ರಲ್ಲಿ ಗ್ರಾಸಾ ಮಶೆಲ್, ಮೊಝಾಂಬಿಕ್‌ನಲ್ಲಿ ಶಿಕ್ಷಣ ಮಂತ್ರಿಯಾಗಿದ್ದವರು, ವಿಶ್ವಸಂಸ್ಥೆಗೆ ಒಂದು ವರದಿ ಕೊಟ್ರು, ಅದಾದ ಮೇಲೇನೇ ಈ ಮಕ್ಕಳಿಗಂತಲೇ ಒಬ್ಬ ವಿಶೇಷ ಪ್ರತಿನಿಧಿ, 2005ರಿಂದ ಭದ್ರತಾ ಮಂಡಳಿಯ ನಿರ್ಣಯದ ಮೇಲೆ ದೇಶ ದೇಶಗಳಲ್ಲಿ ಲೆಕ್ಕ ಇಡೋ ವ್ಯವಸ್ಥೆ. ಆರು ಥರದ ಘೋರ ಕೃತ್ಯಗಳನ್ನ ಲೆಕ್ಕ ಇಡ್ತಾರೆ, ಕೊಲ್ಲೋದು ಅಥವಾ ಅಂಗ ಊನ ಮಾಡೋದು, ಸೈನ್ಯಕ್ಕೋ ಗುಂಪಿಗೋ ಸೇರಿಸ್ಕೊಳ್ಳೋದು, ಲೈಂಗಿಕ ಹಿಂಸೆ, ಅಪಹರಣ, ಶಾಲೆ-ಆಸ್ಪತ್ರೆ ಮೇಲೆ ದಾಳಿ, ನೆರವು ತಲುಪದ ಹಾಗೆ ತಡೆಯೋದು. 2024ನೇ ಇಸವಿಯೊಂದರಲ್ಲೇ ಪರಿಶೀಲಿಸಿ ಖಚಿತ ಮಾಡ್ಕೊಂಡ ಇಂಥ ಘಟನೆಗಳು 41,370, ಹಿಂದಿನ ವರ್ಷಕ್ಕಿಂತ ನೂರಕ್ಕೆ ಇಪ್ಪತ್ತೈದು ಜಾಸ್ತಿ, ಈ ಲೆಕ್ಕ ಶುರುವಾದಾಗಿಂದ ಅಲ್ಲಿಯವರೆಗೆ ಅದೇ ಅತಿ ಹೆಚ್ಚು. ಈ ಲೆಕ್ಕವನ್ನ ವಿಶ್ವಸಂಸ್ಥೆ ವರ್ಷಾ ವರ್ಷಾ ವರದಿ ಮಾಡುತ್ತೆ, ಭಾರತದ ಹೆಸರು ವರ್ಷಗಟ್ಟಲೆ ಆ ವರದಿಯಲ್ಲಿ ಬರ್ತಿತ್ತು, ಸರ್ಕಾರ ತಗೊಂಡ ಕ್ರಮಗಳನ್ನ ನೋಡಿ 2023ರಲ್ಲಿ ತೆಗೆದ್ರು. ಆ ವರದಿಯ ಜೊತೆ ಬರೋ, ಇಂಥ ಕೃತ್ಯ ಮಾಡಿದವರ ಪಟ್ಟಿಯಲ್ಲಿ ಹೆಸರು ಬಂದ್ರೆ ಏನಾಗುತ್ತೆ ಅಂತ ಹಗುರವಾಗಿ ಮಾತಾಡೋರಿದ್ದಾರೆ, ನಂಗೆ ಹಾಗನ್ಸಲ್ಲ. ಹೆಸರು ತೆಗೆಸ್ಕೊಳ್ಳೋಕೆ ಸೈನ್ಯಗಳು, ಬಂಡುಕೋರ ಗುಂಪುಗಳು ಕೂತು ಸಹಿ ಹಾಕಿ ಮಕ್ಕಳನ್ನ ಬಿಟ್ಟಿದ್ದಿದೆ. ಯಾರೋ ಒಬ್ರು ಹಳ್ಳಿ ಹಳ್ಳಿ ತಿರುಗಿ ಬರ್ಕೊಂಡಿದ್ದರಿಂದ ಆಗೋ ಕೆಲಸ ಇದು.

ಆ ಆರರಲ್ಲಿ ನನ್ನನ್ನ ಹೆಚ್ಚು ಕಾಡೋದು ಶಾಲೆ. ನಮ್ಮ ಗಡಚಿರೋಲಿ ಪಕ್ಕದ, ಛತ್ತೀಸ್‌ಗಢದ ಬಸ್ತರಲ್ಲಿ ಮಾವೋವಾದಿಗಳು ಶಾಲೆ ಕಟ್ಟಡಗಳನ್ನ ಉಡಾಯಿಸಿದ್ರು, ಪೊಲೀಸರು ಅಲ್ಲಿ ಕ್ಯಾಂಪ್ ಮಾಡ್ತಾರೆ ಅನ್ನೋದು ಅವರ ಸಬೂಬು. ಇತ್ತ ಭದ್ರತಾ ಪಡೆಗಳು ನಿಜಕ್ಕೂ ಶಾಲೆಗಳಲ್ಲಿ ಬೀಡುಬಿಟ್ಟಿದ್ವು, ಖಾಲಿ ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳ್ಬೇಕಾಯ್ತು, 2011ರಲ್ಲಿ ಸಲ್ವಾ ಜುಡೂಮ್, ಅಂದ್ರೆ ಮಾವೋವಾದಿಗಳ ವಿರುದ್ಧ ಸರ್ಕಾರದ ಬೆಂಬಲದಲ್ಲಿ ಕಟ್ಟಿದ ಜನರ ಪಡೆಯ ಕೇಸಿನ ತೀರ್ಪೂ ಬಂತು. ಎರಡೂ ಕಡೆಯ ಬಂದೂಕಿನ ಮಧ್ಯ ಹೋಗಿದ್ದು ಮಗುವಿನ ಕರಿಹಲಗೆ. ಆಮೇಲೆ ಸರ್ಕಾರ ಬಿದಿರು, ಪ್ಲೈವುಡ್ಡಿನ 'ಪೋಟಾ ಕ್ಯಾಬಿನ್' ಅನ್ನೋ ವಸತಿ ಶಾಲೆಗಳನ್ನ ಕಟ್ಟಿ ಸಾವಿರಾರು ಮಕ್ಕಳನ್ನ ಓದಿಸ್ತು. ಕೊರತೆಗಳು ಬೇಕಾದಷ್ಟಿದ್ವು, ಮಕ್ಕಳು ಮನೆಯಿಂದ ದೂರ, ಪಾಠ ಅವರ ಮಾತಾದ ಗೊಂಡಿಯಲ್ಲಿಲ್ಲ. ಆದ್ರೂ ಆ ವರ್ಷಗಳಲ್ಲಿ ಅಲ್ಲಿ ಬೆಲ್ ಹೊಡೀತಿತ್ತು, ಹಾಜರಿ ಕರೀತಿದ್ರು. ಹಾಜರಿ ಕರೆಯೋ ಜಾಗದಲ್ಲಿ ಒಂದು ಮಗು ಕಾಣೆಯಾದ್ರೆ ಅದೇ ದಿನ ಗೊತ್ತಾಗುತ್ತೆ, ಬಂದೂಕು ಕೊಡೋಕೆ ಕಾಯೋರಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇಲ್ಲ.

ಬಂದೂಕು ಹಿಡಿದ ಮಗುವಿನ ವಿಷಯಕ್ಕೆ ಬಂದ್ರೆ ನಮ್ಮ ಆನ್‌ಲೈನ್ ಜನರ ಕರುಣೆ ಥಟ್ಟನೆ ಒಣಗಿಬಿಡುತ್ತೆ. ಹದಿನಾಲ್ಕು ವರ್ಷದ ಹುಡುಗನ್ನ ಹಿಡಿದ ಸುದ್ದಿ ಬಂದ್ರೆ ಕೆಳಗಿನ ಮಾತುಗಳನ್ನ ಓದೋಕಾಗಲ್ಲ. ಕಾಯ್ದೆ ಬೇರೆ ಹೇಳುತ್ತೆ, ಜೆಜೆ ಆಕ್ಟಿನ 83ನೇ ಸೆಕ್ಷನ್ ಪ್ರಕಾರ ಮಗುವನ್ನ ಸೇರಿಸ್ಕೊಂಡ ಉಗ್ರ ಗುಂಪಿನವರಿಗೆ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಐದು ಲಕ್ಷ ದಂಡ. ಸಶಸ್ತ್ರ ಗುಂಪುಗಳಿಗೆ ಸಿಕ್ಕ ಮಕ್ಕಳ ಬಗ್ಗೆ ದೇಶಗಳು ಒಪ್ಪಿದ 2007ರ ಪ್ಯಾರಿಸ್ ತತ್ವಗಳೂ ಅಂಥ ಮಗುವನ್ನ ಮೊದಲು ಬಲಿಪಶು ಅಂತ ನೋಡಿ ಅಂತವೆ. ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ಮೊಟ್ಟಮೊದಲ ತೀರ್ಪು, 2012ರದ್ದು, ಕಾಂಗೋದ ಥಾಮಸ್ ಲುಬಾಂಗಾಗೆ ಶಿಕ್ಷೆ ಆಗಿದ್ದು ಹದಿನೈದು ತುಂಬದ ಮಕ್ಕಳನ್ನ ಸೈನ್ಯಕ್ಕೆ ಹಾಕ್ಕೊಂಡಿದ್ದಕ್ಕೇ. ಆದ್ರೆ ನಂಗೆ ನಿದ್ದೆಗೆಡಿಸಿದ ಕೇಸು ಉಗಾಂಡಾದ ಡೊಮಿನಿಕ್ ಓಂಗ್ವೆನ್‌ದು. ಶಾಲೆಗೆ ನಡ್ಕೊಂಡು ಹೋಗ್ತಿದ್ದ ಎಳೆ ಹುಡುಗನ್ನ ಬಂಡುಕೋರರು ಎತ್ಕೊಂಡು ಹೋದ್ರು, ಅವನು ಅಲ್ಲೇ ಬೆಳೆದು ಕಮಾಂಡರ್ ಆದ, ಬೇರೆಯವರ ಮಕ್ಕಳನ್ನ ಹಾಗೇ ಎತ್ತಿಸಿದ, ಕೊಲ್ಲಿಸಿದ, 2021ರಲ್ಲಿ ಇಪ್ಪತ್ತೈದು ವರ್ಷ ಶಿಕ್ಷೆ ಆಯ್ತು. ಅವನ ಬಾಲ್ಯ ಏನಾಯ್ತು ಅನ್ನೋದನ್ನ ಜಡ್ಜ್‌ಗಳು ಶಿಕ್ಷೆ ಕಡಿಮೆ ಮಾಡೋವಾಗ ಗಣನೆಗೆ ತಗೊಂಡ್ರು. ಶಿಕ್ಷೆ ಸರಿ ಅಂತಾನೇ ನನ್ನ ಅಭಿಪ್ರಾಯ, ಅವನ ಕೈಯಲ್ಲಿ ನಾಶವಾದ ಮಕ್ಕಳಿಗೂ ನ್ಯಾಯ ಬೇಕು. ಆದ್ರೆ ಆ ಹುಡುಗನ್ನ ಮೊದಲ ತಿಂಗಳಲ್ಲೇ ಯಾರಾದ್ರೂ ವಾಪಸ್ ತಂದಿದ್ರೆ, ತಂದು ಅವನನ್ನ ಊರು ಒಳಗೆ ಬಿಟ್ಕೊಂಡಿದ್ರೆ ಅನ್ನೋ ಯೋಚನೆ ನನ್ನನ್ನ ಬಿಡೋದಿಲ್ಲ. ಬಿಡಿಸಿ ತರೋದಕ್ಕೆ ಹಣ ಸಿಗುತ್ತೆ, ಊರಿಗೆ ಸೇರಿಸೋ ವರ್ಷಗಳ ಕೆಲಸಕ್ಕೆ ಸಿಗಲ್ಲ.

ಮುಂಬೈಯನ್ನೇ ತಗೊಳ್ಳಿ. 2008ರ 26/11 ದಾಳಿಯನ್ನ ಕಾನೂನು ಯುದ್ಧ ಅಂತ ಕರೆಯಲ್ಲ, ಮಗುವಿನ ಕಾಲಿಗೆ ಹೊಕ್ಕ ಗುಂಡಿಗೆ ಆ ವ್ಯತ್ಯಾಸ ಗೊತ್ತಿರಲ್ಲ. ಸಿಎಸ್‌ಟಿಯಲ್ಲಿ ಗುಂಡು ತಗುಲಿದ ಒಂಬತ್ತು ವರ್ಷದ ಹುಡುಗಿ ಮುಂದಿನ ವರ್ಷ ಕೋರ್ಟಲ್ಲಿ ಕಸಬ್‌ನ ಗುರುತು ಹಿಡಿದಳು, ದೇಶ ಅವಳನ್ನ ಧೀರೆ ಅಂತು, ವರ್ಷಾ ವರ್ಷಾ ನವೆಂಬರ್‌ನಲ್ಲಿ ಕ್ಯಾಮೆರಾಗಳು ಅವಳ ಮನೆಗೆ ಹೋದ್ವು. ಅವಳು ಒಂದು ಮನೆಗೋಸ್ಕರ ಬಾಂಬೆ ಹೈಕೋರ್ಟ್ ತನಕ ಹೋಗ್ಬೇಕಾಯ್ತು. ಅದೇ ದಾಳಿಯಲ್ಲಿ ನರಿಮನ್ ಹೌಸ್‌ನಲ್ಲಿ ಅಪ್ಪ ಅಮ್ಮನ್ನ ಕಳ್ಕೊಂಡ ಎರಡು ವರ್ಷದ ಮೋಶೆಯನ್ನ ಎತ್ಕೊಂಡು ಹೊರಗೆ ಓಡಿಬಂದ ಆಯಾ ಸಾಂಡ್ರಾ ಸ್ಯಾಮ್ಯುಯೆಲ್, ಆಮೇಲೆ ಅವನ ಜೊತೆ ಇಸ್ರೇಲ್‌ಗೇ ಹೋಗಿ ನೆಲೆಸಿದ್ರು. ಓಡಿಬಂದ ಫೋಟೋ ಎಲ್ಲರಿಗೂ ನೆನಪಿದೆ. ಆ ಫೋಟೋ ಆದ ಮೇಲೆ ಆಕೆ ಅವನ ಬಳಿ ಉಳಿದ ವರ್ಷಗಳೇ ನಂಗೆ ಅದಕ್ಕಿಂತ ದೊಡ್ಡವು.

ಪುಣೆಗೆ ಈ ಕೆಲಸ ಹೊಸದಲ್ಲ. ಸಂಜಯ್ ನಹಾರ್ ಅವರ 'ಸರಹದ್' ಸಂಸ್ಥೆ ಕಾಶ್ಮೀರದ ಮಕ್ಕಳನ್ನ ಇಲ್ಲಿ ಓದಿಸ್ತಾ ಬಂದಿದೆ. ಇಲ್ಲಿಂದಲೇ ಹೊರಟ ಅಧಿಕ್ ಕದಮ್ ಇನ್ನೊಂದು ದಾರಿ ಹಿಡಿದ್ರು, ಅವರ ಬಾರ್ಡರ್‌ಲೆಸ್ ವರ್ಲ್ಡ್ ಫೌಂಡೇಶನ್ 2002ರಲ್ಲಿ ಕಾಶ್ಮೀರದ ಕುಪ್ವಾರಾದಲ್ಲೇ ಅನಾಥ ಹುಡುಗಿಯರಿಗೆ ಮನೆ ತೆರೀತು. ಎರಡೂ ಬೇಕು, ಆದ್ರೆ ನನ್ನ ಮನಸ್ಸು ಎರಡನೇದರ ಕಡೆ ವಾಲುತ್ತೆ. ಮಗುವಿಗೆ ತನ್ನ ಬೆಟ್ಟ, ತನ್ನ ಮಾತು, ತನ್ನ ಅಜ್ಜಿ ನಡ್ಕೊಂಡು ಹೋಗುವಷ್ಟು ಹತ್ರ ಇರ್ಬೇಕು, ಸಂಸ್ಥೆ ಅನ್ನೋದು ಕೊನೇ ದಾರಿ ಅಂತ ಜೆಜೆ ಆಕ್ಟೂ ಹೇಳುತ್ತೆ. ದೂರ ಕರ್ಕೊಂಡು ಬರಲೇಬೇಕಾದ್ರೆ ರಜೆಗೆ ಊರಿಗೆ ಕಳಿಸೋಕೆ ಟಿಕೆಟ್ ದುಡ್ಡು ಮೊದಲ ದಿನವೇ ಎತ್ತಿಡ್ಬೇಕು.

ಈ ನವೆಂಬರ್‌ಗೆ ನಮ್ಮ ಕನ್ನಡ ಬಳಗದವರು ಮಕ್ಕಳ ದಿನಾಚರಣೆಗೆ ಹಾಸ್ಟೆಲ್ ಮಕ್ಕಳನ್ನ ವೇದಿಕೆಗೆ ಕರೆಸಿ ಅನುಭವ ಹೇಳಿಸೋಣ ಅಂದ್ರು. ಬೇಡ ಅಂದೆ, ಕಾರಣ ಹೇಳಿದೆ, ಬೇಜಾರು ಮಾಡ್ಕೊಳ್ಳದೆ ಒಪ್ಪಿದ್ರು. ಹಾಗಾದ್ರೆ ಏನು ಕೊಡೋಣ ಅಂತ ಕೇಳ್ತಿದ್ದಾರೆ, ಅವರಿಗೂ ಇದನ್ನ ಓದ್ತಿರೋ ಪುಣೆ ಕನ್ನಡಿಗರಿಗೂ ಸೇರಿಸಿ ಹೇಳ್ತೀನಿ. ಬ್ಲಾಂಕೆಟ್, ನೋಟ್‌ಬುಕ್ ಸಾಕಷ್ಟಿದೆ. ಒಂಬತ್ತು, ಹತ್ತನೇ ಕ್ಲಾಸಿಗೆ ಸೈನ್ಸ್ ಹೇಳ್ಕೊಡೋರು ಇಬ್ರು ಬೇಕು, ಇಂಗ್ಲಿಷ್‌ಗೆ ಒಬ್ರು. ಹಿಂದಿ ತಪ್ಪು ತಪ್ಪಾದ್ರೂ ನಡಿಯುತ್ತೆ, ಮಕ್ಕಳು ತಿದ್ದುತ್ತಾರೆ. ಪೊಲೀಸ್ ವೆರಿಫಿಕೇಶನ್ ಆಗ್ಬೇಕು, ಫೋನು ಗೇಟಲ್ಲೇ ಇಡ್ಬೇಕು, ಮನೆ ವಿಷಯ ನೀವಾಗಿ ಕೇಳೋ ಹಾಗಿಲ್ಲ. ಜೂನ್‌ನಿಂದ ಬೋರ್ಡ್ ಎಕ್ಸಾಮ್ ಮುಗಿಯೋ ತನಕ ಪ್ರತಿ ಭಾನುವಾರ ಬರೋಕಾಗುತ್ತೆ ಅನ್ನೋರು ಮಾತ್ರ ಹೆಸರು ಕೊಡಿ, ಮಧ್ಯ ಬಿಡೋ ಹಾಗಿದ್ರೆ ಶುರು ಮಾಡೋದೇ ಬೇಡ.